ಲಂಗರು ಕೈಯಲ್ಲೇ ಎತ್ತಬೇಕಾ, ವಿಂಡ್ಲಾಸ್ ಹಾಕಿಸಬೇಕಾ?

ತುಂಗಭದ್ರಾ ಹಿನ್ನೀರಿನಲ್ಲಿ ಸಣ್ಣ ಮೋಟಾರ್ ಬೋಟ್ ಓಡಿಸುತ್ತೀರಿ, ಲಂಗರು ಎತ್ತುವಾಗ ಸೊಂಟ ಹಿಡಿಯುತ್ತದೆ, ಬ್ಯಾಟರಿಯ ವಿಂಡ್ಲಾಸ್, ಅಂದರೆ ಲಂಗರಿನ ಹಗ್ಗ, ಸರಪಳಿ ಸುತ್ತಿ ಮೇಲೆತ್ತುವ ಮಷೀನು, ಹಾಕಿಸಲೇ ಅಂತ ಕೇಳಿದ್ದೀರಿ. ನಾನೂ ಕೊಪ್ಪಳ ಕಡೆಯವನೇ, ಮಲ್ಪೆಯಲ್ಲಿ ಮೀನಿನ ಬೋಟಿನ ಮೇಲೆ ದುಡಿದು ಬಂದವನು. ಮೊದಲು ಎಳೆಯುವ ರೀತಿ ಬದಲಿಸಿ ನೋಡಿ, ಮಷೀನಿನ ಮಾತು ಆಮೇಲೆ.

ದೂರದಲ್ಲಿ ನಿಂತು ಹಗ್ಗ ಜಗ್ಗಿದರೆ ಲಂಗರು ಅಲುಗುವುದಿಲ್ಲ, ಬೋಟೇ ಅದರ ಕಡೆ ಸರಿಯುತ್ತದೆ. ಗಾಳಿ ಎದುರಿಗಿದ್ದರೆ ಆ ಭಾರವೆಲ್ಲ ನಿಮ್ಮ ಸೊಂಟದ ಮೇಲೇ ಅಲ್ವಾ? ಅದಕ್ಕೇ ಒಬ್ಬರು ಎಂಜಿನ್ ಹತ್ತಿರ ಇರಲಿ, ಹಗ್ಗ ಹೋದ ದಿಕ್ಕಿಗೇ ಮೆಲ್ಲಗೆ ಬೋಟ್ ಬಿಡಲಿ, ನೀವು ಮುಂದೆ ಕೂತು ಸಡಿಲಾದ ಹಗ್ಗವನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತಾ ಬನ್ನಿ. ಹಗ್ಗ ನೆಟ್ಟಗೆ ಕೆಳಗಿಳಿದ ಕೂಡಲೇ ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಇಲ್ಲದಿದ್ದರೆ ಹಗ್ಗ ಪ್ರೊಪೆಲ್ಲರಿಗೆ ಸುತ್ತುತ್ತದೆ. ಆಮೇಲೆ ಹಗ್ಗವನ್ನು ಮುಂದಿನ ಗೂಟಕ್ಕೆ ಬಿಗಿದು ಸ್ವಲ್ಪ ಕಾಯಿರಿ. ಅಲೆಗೆ ಬೋಟಿನ ಮೂತಿ ಏಳುವಾಗ ಅದೇ ಲಂಗರನ್ನು ಕೀಳುತ್ತದೆ. ಎರೆಮಣ್ಣಿನ ರಾಡಿ ಒಂದೇ ಸಲಕ್ಕೆ ಬಿಡುವುದಿಲ್ಲ, ಅವಸರ ಬೇಡ.

ಕೈಗೆ ಮಾತ್ರ ಹಗ್ಗ ಸುತ್ತಿಕೊಳ್ಳಬೇಡಿ. ಬೋಟ್ ಹಿಂದಕ್ಕೆ ಜಗ್ಗಿದರೆ ಬೆರಳು ಹೋಗುತ್ತದೆ, ಇಲ್ಲವೇ ನೀವೇ ನೀರಿಗೆ ಬೀಳುತ್ತೀರಿ. ಎಳೆದ ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ. ಲೈಫ್ ಜಾಕೆಟ್ ಇರಲಿ, ಹತ್ತಿರ ಹರಿತವಾದ ಚಾಕು ಇರಲಿ.

ನಿಜವಾದ ಅಪಾಯ ಇರುವುದು ಲಂಗರು ಸಿಕ್ಕಿಕೊಂಡಾಗ. ಹಿನ್ನೀರಿನಡಿ ಹಳೇ ಮರದ ಬೊಡ್ಡೆ, ಕಲ್ಲುಬಂಡೆ ಇದ್ದೇ ಇರುತ್ತವೆ. ಆಗ ಲಂಗರು ಹಾಕಿದ ದಿಕ್ಕಿಗೆ ಎದುರು ಹೋಗಿ, ಆ ಕಡೆಯಿಂದ ಎಳೆಯಿರಿ. ಎಷ್ಟೇ ಸಿಟ್ಟು ಬಂದರೂ ಹಗ್ಗವನ್ನು ಬೋಟಿನ ಹಿಂಭಾಗಕ್ಕೆ ಕಟ್ಟಿ ಎಂಜಿನ್ ಜೋರು ಮಾಡಬೇಡಿ. ಹಿಂಭಾಗ ತಗ್ಗು, ಅಲ್ಲಿಂದ ನೀರು ನುಗ್ಗಿದರೆ ಬೋಟ್ ಉಳಿಯುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ಸೆಳವು ಇದ್ದರಂತೂ ಹಗ್ಗ ಕೊಯ್ದು ಬಂದುಬಿಡಿ. ಲಂಗರು ಇನ್ನೊಂದು ಸಿಗುತ್ತದೆ. ಮುಂದಿನ ಸಲ ಲಂಗರಿನ ತಳದ ಕಡೆಗೆ ಬೇರೆ ತೆಳು ಹಗ್ಗ ಕಟ್ಟಿ, ಅದರ ತುದಿಗೆ ಖಾಲಿ ಕ್ಯಾನ್ ತೇಲಬಿಡಿ. ಸಿಕ್ಕಿಕೊಂಡರೆ ಆ ಹಗ್ಗದಿಂದ ಲಂಗರನ್ನು ಹಿಮ್ಮುಖವಾಗಿ ಎಳೆದು ಬಿಡಿಸಬಹುದು.

ಇನ್ನು ವಿಂಡ್ಲಾಸ್. ಅದು ಸಡಿಲಾದ ಸರಪಳಿ ಸುತ್ತಲು, ಕಿತ್ತ ಲಂಗರನ್ನು ಮೇಲೆತ್ತಲು ಇರುವುದು. ಅದರಿಂದ ಬೋಟ್ ಎಳೆಸಿದರೆ ಮೋಟಾರ್ ಬಿಸಿಯಾಗಿ ಸುಡುತ್ತದೆ, ಹಾಗಾಗಿ ಮೇಲೆ ಹೇಳಿದ ಕೆಲಸ ಯಾವುದೂ ತಪ್ಪುವುದಿಲ್ಲ. ಅದು ಬ್ಯಾಟರಿಯನ್ನೂ ಜಾಸ್ತಿ ಹೀರುತ್ತದೆ, ಎಂಜಿನ್ ಚಾಲೂ ಇಟ್ಟೇ ಬಳಸಬೇಕು. ತಿರುಗುವಾಗ ಬೆರಳು, ಲುಂಗಿ, ಟವೆಲ್ ಯಾವುದೂ ಹತ್ತಿರ ಬರಬಾರದು. ಸರಪಳಿ ಸಿಕ್ಕಿಕೊಂಡರೆ ಮೊದಲು ಸರಪಳಿಯನ್ನು ಗೂಟಕ್ಕೆ ಬಿಗಿದು, ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಕೈ ಹಾಕಿ.

ಹಗ್ಗದ ತುದಿಗೆ ನಾಲ್ಕು ಮಾರು ಸರಪಳಿ ಇರುವ ಸಣ್ಣ ಬೋಟಿಗೆ ನನ್ನ ಪ್ರಕಾರ ಬ್ಯಾಟರಿಯದ್ದು ಬೇಡ. ಎಳೆಯುವ ರೀತಿ ಬದಲಿಸಿದ ಮೇಲೂ ಸೊಂಟ ನೋಯುತ್ತಿದ್ದರೆ ಕೈಯಲ್ಲಿ ತಿರುಗಿಸುವ ಸಣ್ಣದು ಸಾಕು, ಕೂರಿಸುವ ಮುಂಚೆ ಅಡಿಯ ಹಲಗೆ ಆ ಜಗ್ಗಾಟ ತಡೆಯುತ್ತದಾ ಅಂತ ಬೋಟ್ ಕಟ್ಟುವವರಿಗೆ ತೋರಿಸಿ.