ಸೆಕೆಂಡಿಗೆ 7 ಕೋಇನ್ಸಿಡೆನ್ಸ್ ಬರ್ತಿದ್ರೆ ಲೇಸರ್ ಬದಲಿಸಬೇಡಿ, ಕೇಬಲ್ ಅಳೆಯಿರಿ

ಲೇಸರಿನ ಒಂದು ಫೋಟಾನ್ (ಬೆಳಕಿನ ಕಣ) ಕ್ರಿಸ್ಟಲ್ಲಿನಲ್ಲಿ ಒಡೆದು ಜೋಡಿಯಾಗುವುದನ್ನು ಎರಡು ಡಿಟೆಕ್ಟರಿನಲ್ಲಿ ಹಿಡಿಯುವ ಪ್ರಯೋಗ ನಿಮ್ಮದು. 405 ನ್ಯಾನೋಮೀಟರ್ ಡಯೋಡ್ ಲೇಸರ್, ಜೋಡಿ ಹುಟ್ಟಿಸುವ ಬಿಬಿಒ ಕ್ರಿಸ್ಟಲ್, 8 ನ್ಯಾನೋಸೆಕೆಂಡ್ ವಿಂಡೋ (ಇಷ್ಟು ಹೊತ್ತಿನೊಳಗೆ ಬಂದ ಎರಡು ಪಲ್ಸನ್ನು ಕೌಂಟರ್ ಒಟ್ಟಿಗೆ ಬಂದವು ಅಂತ ಎಣಿಸುತ್ತದೆ), ಒಂದೊಂದು ಡಿಟೆಕ್ಟರಿನಲ್ಲೂ ಸೆಕೆಂಡಿಗೆ 30,000 ಸಿಂಗಲ್ಸ್ (ಆ ಡಿಟೆಕ್ಟರ್ ಒಂದರದೇ ಎಣಿಕೆ), ಕೋಇನ್ಸಿಡೆನ್ಸ್ (ಎರಡರಲ್ಲೂ ಒಟ್ಟಿಗೆ ಬಂದದ್ದು) ಬರೀ 7. ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಲ್ಯಾಬ್ ನೋಟ್‌ಬುಕ್ ತೆರೆದ ಹಾಗಾಯಿತು. 100 ಮಿಲಿವ್ಯಾಟ್ ಲೇಸರ್ ಕೊಳ್ಳಲೇ, ಡಿಟೆಕ್ಟರ್ ಬದಲಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ಆ 7ರಲ್ಲಿ ಒಂದೂ ನಿಜವಾದ ಫೋಟಾನ್ ಜೋಡಿ ಇಲ್ಲದಿರಬಹುದು.

ನನ್ನ ಎಣಿಕೆಯಲ್ಲಿ ಇರಲಿಲ್ಲ. ಜೋಡಿ ಸಿಕ್ಕಿದೆ, ಅಲೈನ್‌ಮೆಂಟ್ ಮಾತ್ರ ಸಾಲದು ಎಂದುಕೊಂಡು ಎರಡು ತಿಂಗಳು ಕನ್ನಡಿ ತಿರುಗಿಸಿದೆ. ಪಂಪನ್ನು, ಅಂದರೆ ಕ್ರಿಸ್ಟಲ್ಲಿಗೆ ಬಿಡುವ ಲೇಸರನ್ನು, 20ರಿಂದ 40 ಮಿಲಿವ್ಯಾಟಿಗೆ ಏರಿಸಿದಾಗ ಸಿಂಗಲ್ಸ್ 60,000 ಆಯಿತು, ಕೋಇನ್ಸಿಡೆನ್ಸ್ 29ಕ್ಕೆ ಹೋಯಿತು. ನಾಲ್ಕು ಪಟ್ಟು ಅಂತ ಖುಷಿಪಟ್ಟೆ. ಎಡವಿದ್ದು ಅಲ್ಲೇ. ನಿಜವಾದ ಜೋಡಿಗಳು ಪಂಪಿನ ಜೊತೆ ನೇರವಾಗಿ ಏರುತ್ತವೆ: ಪಂಪ್ ಎರಡರಷ್ಟಾದರೆ ಅವೂ ಎರಡರಷ್ಟೇ. ನಾಲ್ಕು ಪಟ್ಟಾಗುವುದು ಆಕಸ್ಮಿಕ ಎಣಿಕೆ, ಅಂದರೆ ಸಂಬಂಧವಿಲ್ಲದ ಎರಡು ಪಲ್ಸ್ ಕಾಕತಾಳೀಯವಾಗಿ ಒಂದೇ ವಿಂಡೋದಲ್ಲಿ ಬಿದ್ದದ್ದು. ಎರಡು ಸಿಂಗಲ್ಸ್ ದರಗಳನ್ನೂ ವಿಂಡೋವನ್ನೂ ಗುಣಿಸಿ ನೋಡಿ: 30,000 × 30,000 × 8 ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿಗೆ 7.2. ನಿಮ್ಮ 7 ಬಂದದ್ದು ಇಲ್ಲಿಂದ. ಈ ಗುಣಾಕಾರವನ್ನು ಮೊದಲ ದಿನವೇ ಮಾಡಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಹಾಗಾದರೆ ಜೋಡಿಗಳು ಎಲ್ಲಿ ಹೋಗಿದ್ದವು? ಒಂದು ಡಿಟೆಕ್ಟರಿನಿಂದ ಕೌಂಟರಿಗೆ 1 ಮೀಟರ್ ಕೇಬಲ್. ಇನ್ನೊಂದಕ್ಕೆ ಕೈಗೆ ಸಿಕ್ಕಿದ 4 ಮೀಟರಿನದು ಹಾಕಿ, ಉಳಿದದ್ದನ್ನು ಸುತ್ತಿ ಟೇಬಲ್ಲಿನ ಹಿಂದೆ ಕಟ್ಟಿದ್ದೆ. ಕೋಆಕ್ಸಿಯಲ್ ಕೇಬಲ್ಲಿನಲ್ಲಿ ಪಲ್ಸ್ ಒಂದು ಮೀಟರ್ ದಾಟಲು ಸುಮಾರು 5 ನ್ಯಾನೋಸೆಕೆಂಡ್ ಬೇಕು. 3 ಮೀಟರ್ ಹೆಚ್ಚಿದ್ದರೆ 15 ನ್ಯಾನೋಸೆಕೆಂಡ್ ತಡ, ಅಂದರೆ ವಿಂಡೋದಿಂದ ಪೂರ್ತಿ ಹೊರಗೆ. ಒಟ್ಟಿಗೆ ಹುಟ್ಟಿದ ಫೋಟಾನ್‌ಗಳ ಸುದ್ದಿ ಕೌಂಟರಿಗೆ ಬೇರೆಬೇರೆ ಹೊತ್ತಿಗೆ ಮುಟ್ಟುತ್ತಿತ್ತು. ಎರಡೂ ಕಡೆ ಒಂದೇ ಅಳತೆಯ ಕೇಬಲ್ ಹಾಕಿದ ಸಂಜೆ, ಕನ್ನಡಿ ಮುಟ್ಟದೆ, ಕೋಇನ್ಸಿಡೆನ್ಸ್ 500 ದಾಟಿತು. 1970ರಲ್ಲಿ ಬರ್ನ್‌ಹ್ಯಾಮ್ ಮತ್ತು ವೈನ್‌ಬರ್ಗ್ ಈ ಜೋಡಿಗಳನ್ನು ಮೊದಲು ತೋರಿಸಿದ ಪ್ರಬಂಧದ ಸಾರಾಂಶದಲ್ಲೇ ಇದಿದೆ: ಎರಡೂ ಕಡೆಯ ವಿಳಂಬ ಸಮ ಇಲ್ಲದಿದ್ದರೆ ಎಣಿಕೆ ಆಕಸ್ಮಿಕದ ಮಟ್ಟಕ್ಕೆ ಇಳಿಯುತ್ತದೆ. ಓದಿದ್ದೆ, ಕೇಬಲ್ಲಿಗೂ ಅದು ಅನ್ವಯಿಸುತ್ತದೆ ಅಂತ ಹೊಳೆದಿರಲಿಲ್ಲ.

ನೀವು ಹೀಗೆ ಮಾಡಿ. ಒಂದೇ ಡಿಟೆಕ್ಟರಿನ ಸಿಗ್ನಲ್ಲನ್ನು ಟಿ-ಕನೆಕ್ಟರಿನಿಂದ ಎರಡು ಮಾಡಿ, ಈಗಿರುವ ಎರಡೂ ಕೇಬಲ್ ಮೂಲಕ ಕೌಂಟರಿಗೆ ಕೊಡಿ. ಪಲ್ಸ್ ಎತ್ತರ ಕುಗ್ಗುತ್ತದೆ, ಥ್ರೆಶೋಲ್ಡ್ (ಕೌಂಟರ್ ಪಲ್ಸ್ ಅಂತ ಒಪ್ಪುವ ಕನಿಷ್ಠ ಎತ್ತರ) ಇಳಿಸಿಕೊಳ್ಳಿ. ಕೋಇನ್ಸಿಡೆನ್ಸ್ ಸಿಂಗಲ್ಸಿಗೆ ಸಮ ಬರಬೇಕು. ಬರದಿದ್ದರೆ ತಪ್ಪು ನಿಮ್ಮ ಆಪ್ಟಿಕ್ಸಿನದಲ್ಲ.

ಇದು ಸರಿ ಇದ್ದರೆ ಪಂಪಿನ ಹಾಫ್-ವೇವ್ ಪ್ಲೇಟನ್ನು 45 ಡಿಗ್ರಿ ತಿರುಗಿಸಿ, ಪೋಲರೈಸೇಶನ್ (ಬೆಳಕಿನ ಕಂಪನದ ದಿಕ್ಕು) 90 ಡಿಗ್ರಿ ಹೊರಳುತ್ತದೆ. ಟೈಪ್-1 (ಜೋಡಿಯ ಎರಡೂ ಫೋಟಾನ್‌ಗೆ ಒಂದೇ ಪೋಲರೈಸೇಶನ್ ಇರುವ) ಕ್ರಿಸ್ಟಲ್ಲಿನಲ್ಲಿ ಪಂಪಿನ ಒಂದು ದಿಕ್ಕಿಗೆ ಮಾತ್ರ ಜೋಡಿ ಹುಟ್ಟುತ್ತದೆ. ಎರಡೂ ದಿಕ್ಕಿಗೆ ಸಿಂಗಲ್ಸ್ ಅಷ್ಟೇ ಇದ್ದರೆ ನೀವು ಎಣಿಸುತ್ತಿರುವುದು ಕೋಣೆಯ ಬೆಳಕು, ಇಲ್ಲವೇ ಫಿಲ್ಟರಿನ ಫ್ಲೋರೆಸೆನ್ಸ್ (ಪಂಪ್ ಬೆಳಕು ಬಿದ್ದು ಫಿಲ್ಟರೇ ಹೊಮ್ಮಿಸುವ ಬೆಳಕು). ಮಾನಿಟರಿನ ಬೆಳಕೂ ಒಳಗೆ ನುಗ್ಗುತ್ತದೆ, ಕಪ್ಪು ಬಟ್ಟೆ ಮುಚ್ಚಿ.

ಜೋಡಿ 3 ಡಿಗ್ರಿಗೆ ಹೊರಬರುವ ಕ್ರಿಸ್ಟಲ್ ಆದರೆ, 1 ಮೀಟರ್ ದೂರದಲ್ಲಿ ಪಂಪ್ ರೇಖೆಯಿಂದ 5.2 ಸೆಂಟಿಮೀಟರ್ ಪಕ್ಕಕ್ಕೆ, ಬೆಳಕನ್ನು ಡಿಟೆಕ್ಟರಿಗೆ ಒಯ್ಯುವ ಫೈಬರ್ ಇಡಿ. ಫೈಬರ್ ಮಲ್ಟಿಮೋಡ್ (ಒಳದಾರಿ ಅಗಲ ಇರುವ, ಬೆಳಕು ಸುಲಭವಾಗಿ ಸೇರುವಂಥದ್ದು) ಇರಲಿ. ಡಿಟೆಕ್ಟರ್ ಬಿಚ್ಚಿ ಫೈಬರಿನ ಹಿಂದಿನಿಂದ ಅಲೈನ್‌ಮೆಂಟ್ ಲೇಸರ್ ಬಿಟ್ಟು, ಚುಕ್ಕೆ ಕ್ರಿಸ್ಟಲ್ಲಿನ ಮೇಲೆ ಪಂಪ್ ಬಿದ್ದ ಜಾಗದಲ್ಲೇ ಬೀಳುವಂತೆ ಮಾಡಿ. ಡಿಟೆಕ್ಟರ್ ಮತ್ತೆ ಜೋಡಿಸುವ ಮುನ್ನ ಆ ಲೇಸರನ್ನೂ ಕೋಣೆಯ ದೀಪವನ್ನೂ ಆರಿಸಿ.