ಚೆಂಡು ಪುಟಿಯುವ ಬದಲು ತೇಲುತ್ತಿದೆ, ಯಾಕೆ?

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ, ಬ್ಲೆಂಡರ್ ಎಂಬ ಆನಿಮೇಷನ್ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. 3 ಮೀಟರ್ ಎತ್ತರದಿಂದ ಚೆಂಡು ಬಿದ್ದು ಪುಟಿಯಬೇಕು. ಮೇಲೊಂದು, ನೆಲದಲ್ಲೊಂದು, ಮತ್ತೆ ಮೇಲೊಂದು ಕೀಫ್ರೇಮ್ (ಇಂಥ ಕ್ಷಣಕ್ಕೆ ಚೆಂಡು ಇಲ್ಲಿರಬೇಕು ಎಂಬ ಗುರುತು) ಇಟ್ಟೆ. ಆದರೆ ಚೆಂಡು ಬಲೂನಿನಂತೆ ತೇಲಿ ಇಳಿಯುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಕೀಫ್ರೇಮ್‌ಗಳು ಸರಿಯಾಗೇ ಇವೆ. ತೊಂದರೆ ಇರುವುದು ಅವುಗಳ ನಡುವಿನ ಗೆರೆಯಲ್ಲಿ.

ನಡುವಿನ ಫ್ರೇಮ್‌ಗಳನ್ನು ಬ್ಲೆಂಡರ್ ಬೆಜಿಯೆ ರೇಖೆ ಎಂಬ ನಯವಾದ ಬಾಗುಗೆರೆಯಿಂದ ತುಂಬುತ್ತದೆ. ಇದು ಹುಟ್ಟಿದ್ದು ಸಿನಿಮಾಕ್ಕಲ್ಲ, ಕಾರಿನ ಮೈ ವಿನ್ಯಾಸಕ್ಕೆ. ಫ್ರಾನ್ಸಿನ ಕಾರು ಕಂಪನಿ ಸಿಟ್ರೊಯೆನ್‌ನ ಪಾಲ್ ಡ ಕಾಸ್ತೆಲ್ಜೋ ಇದನ್ನು 1959ರಲ್ಲೇ ಕಂಡುಕೊಂಡಿದ್ದರು, ಕಂಪನಿ ಗುಟ್ಟಾಗಿಟ್ಟಿತು. ಹಾಗಾಗಿ ಹೆಸರು ಇನ್ನೊಂದು ಕಾರು ಕಂಪನಿ ರೆನೊದ ಪಿಯರ್ ಬೆಜಿಯೆ ಅವರಿಗೆ ಹೋಯಿತು. ಕಾಸ್ತೆಲ್ಜೋ ಅವರಿಗೆ ಸಿಗಬೇಕಾದ ಮನ್ನಣೆ ಇನ್ನೂ ಜಾಸ್ತಿ ಎಂದೇ ನನ್ನ ಭಾವನೆ.

ಈ ಗೆರೆಯನ್ನು ತೋರಿಸುವ ಬ್ಲೆಂಡರ್‌ನ ಕಿಟಕಿ, ಗ್ರಾಫ್ ಎಡಿಟರ್, ತೆರೆದು ನೋಡಿ. ಪ್ರತಿ ಕೀಫ್ರೇಮ್‌ಗೂ ಎಳೆದು ತಿರುಗಿಸಬಲ್ಲ ಹ್ಯಾಂಡಲ್ ಇದೆ, ಗೆರೆ ಎತ್ತ ಹೊರಡಬೇಕೆಂದು ಹೇಳುವುದು ಅದೇ. ನೆಲದ ಹತ್ತಿರ ನಿಮ್ಮ ಹ್ಯಾಂಡಲ್ ಅಡ್ಡಡ್ಡ ಮಲಗಿದೆ, ಅಲ್ವಾ? ಅಡ್ಡ ಎಂದರೆ ವೇಗ ಸೊನ್ನೆ. ಮುಕ್ಕಾಲು ಸಮಯಕ್ಕೇ ಚೆಂಡು ಸುಮಾರು 85% ದೂರ ಇಳಿದು, ಉಳಿದದ್ದನ್ನು ನಿಧಾನವಾಗಿ ಮುಗಿಸುತ್ತದೆ. ನಿಜವಾದ ಚೆಂಡು ಬೀಳುವ ದೂರ ಸಮಯದ ವರ್ಗದಂತೆ ಬೆಳೆಯುತ್ತದೆ. ಮುಕ್ಕಾಲು ಸಮಯಕ್ಕೆ 9/16, ಅಂದರೆ 56% ಮಾತ್ರ. ಕೊನೆಯ ಕಾಲು ಸಮಯದಲ್ಲಿ 44% ದೂರ! ಆ ಬಡಿತವೇ ನಿಮ್ಮ ಚೆಂಡಿನಲ್ಲಿ ಇಲ್ಲ.

ಖುಷಿಯ ವಿಷಯ ಏನೆಂದರೆ, ಬೆಜಿಯೆ ರೇಖೆ ಈ ಬೀಳುವಿಕೆಯನ್ನು ಒಂಚೂರೂ ವ್ಯತ್ಯಾಸವಿಲ್ಲದೆ ಬರೆಯಬಲ್ಲದು. ಸೆಕೆಂಡಿಗೆ 24 ಫ್ರೇಮ್ ಇದ್ದರೆ 3 ಮೀಟರ್ ಬೀಳಲು ಹತ್ತಿರ ಹತ್ತಿರ 19 ಫ್ರೇಮ್ ಬೇಕು. ಲೆಕ್ಕ ಸುಲಭವಾಗಲಿ, 18 ಎಂದಿಟ್ಟುಕೊಳ್ಳಿ: 1ನೇ ಫ್ರೇಮ್‌ನಲ್ಲಿ ಮೇಲೆ, 19ರಲ್ಲಿ ನೆಲ. ಎರಡೂ ಕೀಫ್ರೇಮ್ ಆರಿಸಿ, ವಿ ಕೀ ಒತ್ತಿ, ಫ್ರೀ ಆಯ್ಕೆ ಮಾಡಿ. ಮೇಲಿನದರ ಬಲ ಹ್ಯಾಂಡಲ್ 7ನೇ ಫ್ರೇಮ್‌ನಲ್ಲಿ 3 ಮೀಟರ್ ಎತ್ತರಕ್ಕಿರಲಿ. ನೆಲದ್ದರ ಎಡ ಹ್ಯಾಂಡಲ್ 13ನೇ ಫ್ರೇಮ್‌ನಲ್ಲಿ 2 ಮೀಟರ್‌ಗೆ ಬರಲಿ. ಬೇಕಾದರೆ ಕಾಗದದ ಮೇಲೆ ಸಮೀಕರಣ ಬಿಡಿಸಿ ನೋಡಿ, ಘನದ ಪದಗಳು ಹೊಡೆದುಹೋಗಿ ವರ್ಗ ಮಾತ್ರ ಉಳಿಯುತ್ತದೆ.

ಪುಟಿದು ಮೇಲೇರುವಾಗ ಇದರದೇ ಕನ್ನಡಿ ಬಿಂಬ. ಆದರೆ ಎತ್ತರ ಅರ್ಧವಾಯಿತೆಂದು ಸುಮ್ನೆ ಫ್ರೇಮ್‌ಗಳನ್ನೂ ಅರ್ಧ ಮಾಡಬೇಡಿ. ಸಮಯ ಎತ್ತರದ ವರ್ಗಮೂಲದಂತೆ ಇಳಿಯುತ್ತದೆ. ಒಂದೂವರೆ ಮೀಟರ್ ಏರಲು 9 ಅಲ್ಲ, 13 ಫ್ರೇಮ್ ಕೊಡಿ.