ವೇಷದ ಪಾರ್ಟಿ, ಮಂಕು ಬೆಳಕು, ಮುಂದೆ ಬ್ಯಾಂಡ್: ಫೋಟೊ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೊವೀನ್ ಪಾರ್ಟಿ ಇರುತ್ತದೆ. ಸಹೋದ್ಯೋಗಿಗಳದೇ ಬ್ಯಾಂಡ್, ಅವರೂ ವೇಷ ಹಾಕಿಕೊಂಡೇ ನುಡಿಸುತ್ತಾರೆ. ನನ್ನದು ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಚಿಕ್ಕದಾಗಿರುವ) ಕ್ಯಾಮೆರಾ, ಜೊತೆಗೆ ಬಂದ 18–55 ಎಂಎಂ ಜೂಮ್ ಲೆನ್ಸ್. ಕಳೆದ ಸಲ ಅರ್ಧ ಚಿತ್ರಗಳು ಅಲುಗಿದ್ದವು, ಉಳಿದವುಗಳಲ್ಲಿ ಮುಖಗಳೆಲ್ಲ ಬರೀ ಕೆಂಪು. ಫ್ಲ್ಯಾಶ್ ಹಾಕಿದರೆ ಪಾರ್ಟಿಯ ಕಳೆಯೇ ಹೋಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಫ್ಲ್ಯಾಶ್ ಬಿಟ್ಟದ್ದು ಒಳ್ಳೆಯದಾಯಿತು. ವೇದಿಕೆಯ ಬಣ್ಣವನ್ನು ಅದು ತೊಳೆದುಹಾಕುತ್ತದೆ, ಮಿಂಚಿನ ಬಟ್ಟೆ ಕಣ್ಣು ಕುಕ್ಕುವಂತೆ ಹೊಳೆಯುತ್ತದೆ, ನುಡಿಸುವವರಿಗೂ ಕಿರಿಕಿರಿ.

ಮೊದಲು ಲೆನ್ಸ್ ಬದಲಿಸಿ. ನಿಮ್ಮ ಲೆನ್ಸ್ 55ಕ್ಕೆ ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಕಿಂಡಿ ದೊಡ್ಡದು). 50 ಎಂಎಂ ಎಫ್/1.8 ಲೆನ್ಸ್ ಅದರ ಸುಮಾರು ಹತ್ತರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಕೊಳ್ಳಲೇಬೇಕೆಂದಿಲ್ಲ, ಒಂದು ದಿನದ ಬಾಡಿಗೆಗೂ ಸಿಗುತ್ತದೆ. ಒಂದು ಎಚ್ಚರ: ಎಫ್/1.8ರಲ್ಲಿ ಮೂರು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬೀಳುವುದು ಹೆಚ್ಚೂಕಡಿಮೆ ಕಾಲು ಮೀಟರ್ ಆಳ ಮಾತ್ರ. ಹಾಗಾಗಿ ಎಲ್ಲರನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೋಗಬೇಡಿ, ಒಬ್ಬೊಬ್ಬರನ್ನೇ ತೆಗೆಯಿರಿ.

ಷಟರ್ ವೇಗವನ್ನು ಸಂಗೀತಗಾರರ ಚಲನೆ ನೋಡಿ ನಿಗದಿಮಾಡಿ. ಮೈಕ್ ಮುಂದೆ ನಿಂತು ಹಾಡುವವರಿಗೆ 1/160 ಸೆಕೆಂಡು, ಕುಣಿಯುತ್ತ ಗಿಟಾರ್ ನುಡಿಸುವವರಿಗೆ 1/250, ಡ್ರಮ್ಸ್‌ಗೆ 1/500. ಆಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಲಿ. 3200, 6400 ಎಂದರೆ ಎದೆ ಒಡೆದುಕೊಳ್ಳಬೇಡಿ. ಐಎಸ್‌ಒಗೆ ಹೆದರಿ ಷಟರ್ ನಿಧಾನಮಾಡುವುದೇ ಅಲುಗಿದ ಚಿತ್ರಗಳ ಮೂಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐಎಸ್‌ಒ ಏರಿ ಕಾಳುಕಾಳಾದ ಚಿತ್ರವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸಾಕಷ್ಟು ಸುಧಾರಿಸಬಹುದು. ಅಲುಗಿದ್ದನ್ನು ಸರಿಪಡಿಸುವುದು ಬಹಳ ಕಷ್ಟ.

ಇನ್ನು ಕೆಂಪು. ಎಲ್‌ಇಡಿ ದೀಪದ ಕೆಂಪು ಬೆಳಕು ಸೆನ್ಸರ್‌ನ ಕೆಂಪು ಚಾನೆಲ್ ಒಂದನ್ನೇ ತುಂಬಿಸಿಬಿಡುತ್ತದೆ. ಹಸಿರು, ನೀಲಿಯಲ್ಲಿ ಮಾಹಿತಿ ಹೆಚ್ಚೂಕಡಿಮೆ ಇರುವುದೇ ಇಲ್ಲ. ಮೂಗು, ಕೆನ್ನೆಯ ನೆರಳುಗಳು ಅಳಿಸಿಹೋಗುತ್ತವೆ. ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು-ಬೆಳಕು ಎಷ್ಟಿದೆಯೆಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ಇದನ್ನು ಮುಚ್ಚಿಡಬಹುದು, ಆದ್ದರಿಂದ ಮೂರೂ ಬಣ್ಣಗಳನ್ನು ಬೇರೆಬೇರೆ ತೋರಿಸುವುದನ್ನು ನೋಡಿ. ಕೆಂಪು ಬಲತುದಿಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕನ್ನು) ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ, ರಾ ಫೈಲ್‌ನಲ್ಲೇ (ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಉಳಿಸುವ ಕಡತ) ತೆಗೆಯಿರಿ. ಇದಕ್ಕಿಂತ ಉತ್ತಮ ಉಪಾಯ ಕಾಯುವುದು: ದೀಪಗಳು ಸಾಮಾನ್ಯವಾಗಿ ಒಂದೇ ಸರದಿಯಲ್ಲಿ ತಿರುಗುತ್ತವೆ, ಎರಡು ಹಾಡು ಕೇಳುವಷ್ಟರಲ್ಲಿ ಬಿಳಿ ಅಥವಾ ಹಳದಿ ಯಾವಾಗ ಬರುತ್ತದೆಂದು ತಿಳಿಯುತ್ತದೆ. ಚಿತ್ರದಲ್ಲಿ ಅಡ್ಡಪಟ್ಟೆ ಕಂಡರೆ ಎಲೆಕ್ಟ್ರಾನಿಕ್ ಷಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ.

ವೇಷ ಬೇರೆಯೇ ಸವಾಲು. ಕರಿ ಮೇಲಂಗಿ ಕಂಡರೆ ಕ್ಯಾಮೆರಾ ಬೆಳಕು ಸಾಲದೆಂದುಕೊಂಡು ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಮ್ಯಾನ್ಯುಯಲ್ ಮೋಡ್‌ನಲ್ಲಿ ಮುಖ ನೋಡಿ ಎಕ್ಸ್‌ಪೋಷರ್ ಒಮ್ಮೆ ಹೊಂದಿಸಿ. ಕಣ್ಣು ಹುಡುಕುವ ಆಟೊಫೋಕಸ್ ಮುಖವಾಡದ ಎದುರು ತಬ್ಬಿಬ್ಬಾಗುತ್ತದೆ. ಒಂದೇ ಫೋಕಸ್ ಬಿಂದುವನ್ನು ಮುಖವಾಡದ ಕಣ್ಣಿನ ಅಂಚಿಗೆ ಇಡಿ. ಮುಖ ಪೂರ್ತಿ ಮುಚ್ಚಿದ್ದರೆ ಕೈಗಳತ್ತ ತಿರುಗಿ ಎಂದು ಕಳಕಳಿಯಿಂದ ಹೇಳುತ್ತೇನೆ. ತಂತಿ ಒತ್ತಿದ ಬೆರಳು, ಎತ್ತಿದ ಡ್ರಮ್ ಕಡ್ಡಿ ಇಲ್ಲದಿದ್ದರೆ ಅದು ವೇಷಧಾರಿಯ ಚಿತ್ರವಾದೀತೇ ಹೊರತು ಹಾಡಿನ ಚಿತ್ರವಾಗದು. ಹಾಡುವವರನ್ನು ಪಕ್ಕದಿಂದ ತೆಗೆಯಿರಿ, ಮೈಕ್ ಬಾಯಿಗೆ ಅಡ್ಡ ಬರುವುದಿಲ್ಲ. ಲೇಸರ್ ದೀಪವಿದ್ದರೆ ಅದರ ಕಿರಣ ನೇರವಾಗಿ ಲೆನ್ಸ್‌ಗೆ ಬೀಳದಂತೆ ನಿಲ್ಲಿ, ಸೆನ್ಸರ್ ಸುಟ್ಟೀತು.

ಪ್ರಶ್ನೆ: ಇಂಥ ಪಾರ್ಟಿಗೆ ಮೊಬೈಲ್ ಸಾಕೇ? ನೈಟ್ ಮೋಡ್‌ನಲ್ಲಿ ಎಲ್ಲರೂ ದೆವ್ವದ ಹಾಗೆ ಬರುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ನೈಟ್ ಮೋಡ್ ಒಂದೆರಡು ಸೆಕೆಂಡು ಹಲವು ಚಿತ್ರ ತೆಗೆದು ಬೆಸೆಯುತ್ತದೆ, ಅಷ್ಟರಲ್ಲಿ ನುಡಿಸುವವರು ಅಲುಗಿರುತ್ತಾರೆ. ಅದನ್ನು ಆಫ್ ಮಾಡಿ. ಪ್ರೊ ಮೋಡ್ ಇದ್ದರೆ 1/125 ಇಡಿ, ಜೂಮ್ ಮಾಡದೆ ಮುಖ್ಯ ಲೆನ್ಸನ್ನೇ ಬಳಸಿ, ವೇದಿಕೆಗೆ ಎರಡು ಹೆಜ್ಜೆ ಹತ್ತಿರ ಹೋಗಿ.